ಬಾಗಿಲಣ್ಣನ ಕಾರಿನ ಸಾಲ

ನಮ್ಮ ಕಟ್ಟಡದ ಕೆಳಮನೆಯವನನ್ನು ಬೀದಿಯವರೆಲ್ಲ ಬಾಗಿಲಣ್ಣ ಎಂದೇ ಕರೆಯುತ್ತಿದ್ದೆವು. ಆ ಹೆಸರು ಅವನ ಜೊತೆಗೆ ಕಾರ್ಖಾನೆಯಿಂದ ಬಂದದ್ದು. ಫ್ರಿಜ್ಜು ತಯಾರಿಸುವ ಕಾರ್ಖಾನೆಯಲ್ಲಿ ಅವನ ಕೆಲಸ ಬಾಗಿಲಿನದು. ಸಾಲಾಗಿ ಬರುವ ಒಂದೊಂದು ಫ್ರಿಜ್ಜಿನ ಬಾಗಿಲು ತೆರೆದು, ಅಂಚಿನ ರಬ್ಬರಿಗೆ ಕಾಗದದ ಚೂರೊಂದನ್ನು ಸಿಕ್ಕಿಸಿ, ಬಾಗಿಲು ಹಾಕಿ, ಆ ಚೂರನ್ನು ಎಳೆದು ನೋಡಬೇಕು. ಬಿಗಿಯಾಗಿ ನಿಂತರೆ ಫ್ರಿಜ್ಜು ಮುಂದಕ್ಕೆ, ಜಾರಿ ಬಂದರೆ ಪಕ್ಕಕ್ಕೆ. ಸುಮಾರು ಇಪ್ಪತ್ತು ವರ್ಷ ಅವನು ಇದನ್ನೇ ಮಾಡಿದ. ನಡುನಡುವೆ ಪಕ್ಕಕ್ಕೆ ಸರಿಸಿದ ಫ್ರಿಜ್ಜುಗಳನ್ನು ಬಿಚ್ಚಿ ರಿಪೇರಿ ಮಾಡುವುದನ್ನೂ ಕಲಿತುಕೊಂಡ. ಯಾರ ಮನೆಗೆ ಹೋದರೂ ಮಾತಾಡುತ್ತಲೇ ಅವರ ಫ್ರಿಜ್ಜಿನ ಬಾಗಿಲನ್ನೊಮ್ಮೆ ಒತ್ತಿ ನೋಡುತ್ತಿದ್ದ. ಅವನ ಹೆಂಡತಿಗೆ ಇದರಿಂದ ನಾಚಿಕೆ. ‘ಬೇರೆಯೋರ ಮನೇಲಿ ಸುಮ್ನೆ ಕೂರೋಕಾಗಲ್ವಾ ನಿಮ್ಗೆ’ ಎಂದು ಕಣ್ಣಲ್ಲೇ ಗದರುತ್ತಿದ್ದಳು.

ಒಂದು ದಿನ ಆ ಕಾರ್ಖಾನೆಯೇ ಬಾಗಿಲು ಹಾಕಿತು. ಈ ಮಾತನ್ನು ಹೀಗೆ ಹೇಳಿ ಮೊದಲು ನಕ್ಕವನೂ ಅವನೇ. ‘ಇಷ್ಟು ದಿನ ನಾನು ಹಾಕ್ತಿದ್ದೆ, ಇವತ್ತು ಅವರೇ ಹಾಕಿದ್ರು’ ಎಂದು ಮೆಟ್ಟಿಲ ಮೇಲೆ ಸಿಕ್ಕಿದವರಿಗೆಲ್ಲ ಹೇಳಿದ. ಬೇರೆ ಕೆಲಸ ಇಂದಲ್ಲ ನಾಳೆ ಸಿಗುತ್ತದೆ ಎಂಬ ಧೈರ್ಯ ಇದ್ದಾಗಿನ ನಗು ಅದು. ವರ್ಷ ತುಂಬುವ ಹೊತ್ತಿಗೆ ಅವನು ಆ ಮಾತು ಹೇಳುವುದನ್ನು ಬಿಟ್ಟಿದ್ದ. ನಮಗೂ ಅವನನ್ನು ಆ ಹೆಸರು ಹಿಡಿದು ಕರೆಯಲು ಬಾಯಿ ಬರುತ್ತಿರಲಿಲ್ಲ.

ಮನೆಯಲ್ಲಿ ಮೂವರು. ಹೆಂಡತಿ ಹೊಲಿಗೆ ಮಿಷನ್ನಿನ ಮುಂದೆ ಕೂತು ಬೇರೆಯವರ ಪರದೆ, ದಿಂಬಿನ ಚೀಲ ಹೊಲಿಯುತ್ತಿದ್ದಳು. ಮಗಳು ಕಾಲೇಜಿನಲ್ಲಿ ಓದುತ್ತಿದ್ದಳು. ಅಪ್ಪನ ಹಾಗೆಯೇ ತೆಳ್ಳಗೆ, ಅಪ್ಪನ ಹಾಗೆಯೇ ಮುಖ ಗಂಭೀರವಾಗಿಟ್ಟುಕೊಂಡು ತಮಾಷೆ ಮಾಡುವವಳು. ಬೆಳಿಗ್ಗೆ ಇಬ್ಬರೂ ತಮ್ಮ ತಮ್ಮ ಕೆಲಸಕ್ಕೆ ಕೂತ ಮೇಲೆ ಬಾಗಿಲಣ್ಣ ಎರಡು ಕೋಣೆಯ ಆ ಮನೆಯಲ್ಲಿ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಓಡಾಡುತ್ತಿದ್ದ. ಹೆಂಡತಿಯ ಮಿಷನ್ನಿಗೆ ಅಡ್ಡವಾಗಬಾರದೆಂದು ಅಡುಗೆಮನೆಗೆ, ಅಲ್ಲಿ ಮಗಳು ಓದುತ್ತಿದ್ದರೆ ಹೊರಗೆ, ಹೊರಗೆ ನಿಂತರೆ ಹೋಗಿ ಬರುವವರು ‘ಏನು, ಇವತ್ತು ರಜೆನಾ’ ಎನ್ನುತ್ತಾರೆಂದು ಮತ್ತೆ ಒಳಗೆ.

ಕೊನೆಗೊಮ್ಮೆ ಅವನ ಅನುಭವಕ್ಕೆ ಹೊಂದುವ ಕೆಲಸವೇ ಕಣ್ಣಿಗೆ ಬಿತ್ತು. ಮನೆ ಮನೆಗೆ ಹೋಗಿ ಫ್ರಿಜ್ಜು ರಿಪೇರಿ ಮಾಡಿಕೊಡುವ ಕಂಪನಿಯೊಂದು ಜನ ಹುಡುಕುತ್ತಿತ್ತು. ಬಾಗಿಲಣ್ಣ ಶರಟಿಗೆ ಇಸ್ತ್ರಿ ಹಾಕಿಸಿಕೊಂಡು ಹೋದ. ಅಲ್ಲಿನ ಮ್ಯಾನೇಜರು ಅವನ ಮಗಳಿಗಿಂತ ಕೆಲವೇ ವರ್ಷ ದೊಡ್ಡವಳು. ಅವನು ಹೇಳಿದ್ದನ್ನೆಲ್ಲ ಕೇಳಿ ಖುಷಿಯಾದಳು.

‘ನಿಮ್ಮಂಥೋರೇ ಬೇಕಿತ್ತು ನಮ್ಗೆ. ಕಾರಿದೆಯಾ?’

‘ಕಾರಾ? ಓಡಿಸೋಕೆ ಬರುತ್ತೆ. ಕಾರ್ಖಾನೆ ವ್ಯಾನ್ ಓಡಿಸ್ತಿದ್ದೆ.’

‘ಸ್ವಂತದ್ದು ಬೇಕು. ಗ್ಯಾಸ್ ಸಿಲಿಂಡರು, ಕಂಪ್ರೆಸರು ಎಲ್ಲ ಹೊತ್ಕೊಂಡು ಊರೆಲ್ಲ ತಿರುಗ್ಬೇಕಲ್ಲ. ಬಸ್ಸಲ್ಲಿ ಆಗಲ್ಲ.’

‘ತಗೋತೀನಿ.’

‘ತಗೊಂಡ ಮೇಲೆ ಬನ್ನಿ. ಅದೇ ದಿನ ಸೇರಿಸ್ಕೋತೀನಿ.’

ಅವನು ಅಲ್ಲಿಂದ ನೇರವಾಗಿ ಬ್ಯಾಂಕಿಗೆ ಹೋದ. ಮನೆಗೆ ಹೋದರೆ ಧೈರ್ಯ ಆರಿಹೋಗುತ್ತದೆ ಎನ್ನಿಸಿತಂತೆ. ಬ್ಯಾಂಕಿನಲ್ಲಿ ಸಾಲದ ಮೇಜಿನವನು ಕನ್ನಡಕ ಹಣೆಗೆ ಏರಿಸಿಕೊಂಡು, ಸಂಬಳದ ಚೀಟಿ ತಂದಿದ್ದೀರಾ ಎಂದ. ಕೆಲಸ ಇಲ್ಲ, ಕಾರು ಬಂದರೆ ಕೆಲಸ ಬರುತ್ತದೆ ಎಂದು ಬಾಗಿಲಣ್ಣ ವಿವರಿಸಿದ. ಸಾಲದವನು ಕೆಟ್ಟವನೇನಲ್ಲ. ತಾಳ್ಮೆಯಿಂದ ಕೇಳಿದ.

‘ನೀವು ಹೇಳೋದು ನಂಗೆ ಅರ್ಥ ಆಗುತ್ತೆ. ಆದ್ರೆ ಕೆಲಸ ಇಲ್ದೋರಿಗೆ ಸಾಲ ಕೊಡೋಕೆ ನಮ್ಮಲ್ಲಿ ದಾರಿನೇ ಇಲ್ಲ. ಕೆಲಸಕ್ಕೆ ಸೇರಿದ ಮೇಲೆ ಬನ್ನಿ.’

‘ಅವರು ಕಾರು ತಗೊಂಡ ಮೇಲೆ ಬನ್ನಿ ಅಂತಾರೆ, ನೀವು ಕೆಲಸಕ್ಕೆ ಸೇರಿದ ಮೇಲೆ ಬನ್ನಿ ಅಂತೀರಿ. ನಾನು ಮೊದಲು ಎಲ್ಲಿಗೆ ಹೋಗ್ಲಿ ಸಾರ್?’

ಸಾಲದವನು ಕನ್ನಡಕ ಕೆಳಗಿಳಿಸಿ ಅವನ ಹಿಂದೆ ನಿಂತವರನ್ನು ನೋಡಿದ.

ಮ್ಯಾನೇಜರಿಗೆ ಫೋನು ಮಾಡಿ, ಕೆಲಸ ಕೊಡುತ್ತೇವೆಂದು ಒಂದು ಸಾಲು ಬರೆದುಕೊಡಿ ಎಂದು ಕೇಳಿದ. ಕಾರಿನ ನಂಬರಿಲ್ಲದೆ ತಮ್ಮ ಕಂಪ್ಯೂಟರು ಹೆಸರನ್ನೇ ತೆಗೆದುಕೊಳ್ಳುವುದಿಲ್ಲ ಎಂದಳು ಅವಳು. ಇನ್ನೆರಡು ಬ್ಯಾಂಕುಗಳಲ್ಲಿ ಮಾತು ಅಷ್ಟು ದೂರ ಹೋಗಲೂ ಇಲ್ಲ. ಹಳೆ ಕಾರು ಮಾರುವ ಅಂಗಡಿಯ ದಲ್ಲಾಳಿ ಮಾತ್ರ ಅವನನ್ನು ಕೂರಿಸಿ, ಚಹಾ ತರಿಸಿಕೊಟ್ಟು, ಭುಜದ ಮೇಲೆ ಕೈಹಾಕಿ ಕೇಳಿದ: ‘ನಿಮ್ಮ ಬಳಗದಲ್ಲಿ ಸಣ್ಣದೋ ದೊಡ್ಡದೋ, ಅಂಗಡಿ, ವರ್ಕ್‌ಶಾಪು, ಏನಾದ್ರೂ ನಡೆಸೋರು ಯಾರೂ ಇಲ್ವಾ?’

ಇದ್ದ. ಹೆಂಡತಿಯ ತಮ್ಮ.

ಈ ಬಾಮೈದನದು ಕಬ್ಬಿಣದ ಬೀರು ಮಾಡುವ ವರ್ಕ್‌ಶಾಪು. ಮೂವರು ಕೆಲಸಗಾರರು, ಒಂದು ವೆಲ್ಡಿಂಗ್ ಯಂತ್ರ, ತಗಡು ಬಗ್ಗಿಸುವ ಹಳೇ ಯಂತ್ರ ಒಂದು. ಬಾಗಿಲಣ್ಣನ ಮದುವೆಯಾದಾಗ ಅವನಿನ್ನೂ ಶಾಲೆಗೆ ಹೋಗುತ್ತಿದ್ದವನು. ಅಕ್ಕನ ಮನೆಯಲ್ಲೇ ಇದ್ದು ಓದಿ, ಓದು ಹತ್ತದೆ ವೆಲ್ಡಿಂಗ್ ಕಲಿತು, ತನ್ನ ಕಾಲ ಮೇಲೆ ನಿಂತವನು. ಭಾವ ಎಂದರೆ ಪ್ರಾಣ. ಹಾಗಿದ್ದೂ ಕಾರ್ಖಾನೆ ಮುಚ್ಚಿದ ಮೇಲೆ ಅವನು ಅಕ್ಕನ ಮನೆಗೆ ಬರುವುದು ಕಡಿಮೆಯಾಗಿತ್ತು. ಬಂದರೆ ಭಾವ ಎಲ್ಲಿ ಕೆಲಸ ಕೇಳಿಬಿಡುತ್ತಾನೋ, ಇಲ್ಲ ಎನ್ನಬೇಕಾಗುತ್ತದೋ ಎಂಬ ಸಂಕಟ ಅವನಿಗೆ. ಇದು ಬಾಗಿಲಣ್ಣನಿಗೂ ಗೊತ್ತಿತ್ತು. ಅದಕ್ಕೇ ಅವನೂ ಕೇಳಿರಲಿಲ್ಲ.

ಈಗ ಅವನನ್ನು ಮನೆಗೆ ಕರೆಸಿ ಕೇಳಿದ್ದು ಕೆಲಸವಲ್ಲ, ಕೆಲಸ ಇದೆ ಎಂಬ ಪತ್ರ.

‘ಅಷ್ಟೇನಾ ಭಾವ?’ ಎಂದ ಬಾಮೈದ. ಅವನ ಮುಖದಲ್ಲಿ ದೊಡ್ಡದೊಂದು ಭಾರ ಇಳಿದದ್ದು ಕಾಣಿಸಿತಂತೆ. ‘ಎರಡು ವರ್ಷದಿಂದ ನಮ್ಮಲ್ಲಿ ಸೂಪರ್‌ವೈಸರ್ ಅಂತ ಬರೀತೀನಿ. ಸಂಬಳ ನಂಗಿಂತ ಜಾಸ್ತಿ ಹಾಕ್ಲಾ?’

ಇಬ್ಬರೂ ನಕ್ಕರು. ಅಕ್ಕ ಮಾತ್ರ ಮಿಷನ್ ನಿಲ್ಲಿಸಿ, ‘ಸುಳ್ಳು ಬರ್ಕೊಟ್ಟು ನಾಳೆ ನೀನು ಸಿಕ್ಕಿಹಾಕ್ಕೊಂಡ್ರೆ?’ ಎಂದಳು.

‘ಯಾರು ಬಂದು ನೋಡ್ತಾರಕ್ಕ? ಭಾವಂಗೆ ಕೆಲಸ ಸಿಗುತ್ತೆ, ಕಂತು ಕಟ್ಕೊಂಡು ಹೋಗ್ತಾರೆ. ಯಾರ ಗಂಟು ಹೋಗುತ್ತೆ?’

ನೋಡಲು ಬರುತ್ತಾರೆಂದು ಆಮೇಲೆ ತಿಳಿಯಿತು. ದಲ್ಲಾಳಿ ಗೊತ್ತುಮಾಡಿದ ಫೈನಾನ್ಸ್ ಕಂಪನಿಯವರು, ಒಬ್ಬನನ್ನು ವರ್ಕ್‌ಶಾಪಿಗೆ ಕಳಿಸಿ ನೋಡಿಸುತ್ತೇವೆ, ಆ ದಿನ ಕೆಲಸದಲ್ಲಿರಿ ಎಂದರು. ಆ ಬೆಳಿಗ್ಗೆ ಬಾಗಿಲಣ್ಣ ಎಲ್ಲರಿಗಿಂತ ಮೊದಲೇ ಹೋಗಿ ಮುಚ್ಚಿದ ಷಟರಿನ ಮುಂದೆ ನಿಂತಿದ್ದ. ಬಾಮೈದ ಕೆಲಸಗಾರರ ನೀಲಿ ಅಂಗಿಯೊಂದನ್ನು ಕೊಟ್ಟ. ತೋಳು ಗಿಡ್ಡವಾಯಿತು. ಹಾಗೇ ಮಡಚಿಕೊಂಡ.

ನೋಡಲು ಬಂದವನು ಹೆಲ್ಮೆಟ್ಟನ್ನು ತೋಳಿಗೆ ಸಿಕ್ಕಿಸಿಕೊಂಡೇ ಒಳಗೆ ಬಂದ. ಸುತ್ತ ಒಮ್ಮೆ ಕಣ್ಣಾಡಿಸಿ, ಫೋನಿನಲ್ಲಿ ಎರಡು ಫೋಟೋ ತೆಗೆದುಕೊಂಡು, ‘ಎಷ್ಟು ವರ್ಷ ಆಯ್ತು ಇಲ್ಲಿ?’ ಎಂದ. ಬಾಗಿಲಣ್ಣ ಬಾಮೈದನ ಕಡೆ ನೋಡಿದ. ಬಾಮೈದನೇ ಯಂತ್ರದ ಸದ್ದಿನ ಮೇಲೆ ಕೂಗಿ ಹೇಳಿದ, ‘ಎರಡು ವರ್ಷ ದಾಟ್ತು ಸಾರ್. ಅವ್ರಿಲ್ದಿದ್ರೆ ನಂಗೆ ಕೈಕಾಲೇ ಆಡಲ್ಲ.’ ಬಂದವನು ತಲೆಯಾಡಿಸಿ ಹೋದ. ಚಹಾ ಕುಡಿಯುವಷ್ಟು ಹೊತ್ತೂ ಆಗಿರಲಿಲ್ಲ.

ಬಾಗಿಲಣ್ಣ ಆಗಲೇ ಮನೆಗೆ ಹೊರಡಬಹುದಿತ್ತು. ಹೊರಡಲಿಲ್ಲ. ಮೂಲೆಯಲ್ಲಿ ನಾಲ್ಕು ಬೀರು ಬಣ್ಣಕ್ಕೆ ಸಿದ್ಧವಾಗಿ ನಿಂತಿದ್ದವು. ಅವುಗಳ ಬಾಗಿಲು ಹಾಕಿ ತೆಗೆದು ನೋಡಿದ. ಒಂದು ಕೆಳಗೆ ಉಜ್ಜುತ್ತಿತ್ತು. ಕೀಲು ಬಿಚ್ಚಿ, ಸಣ್ಣ ತಗಡಿನ ಚೂರು ಕೊಟ್ಟು ಮತ್ತೆ ಕೂರಿಸಿದ. ಆಮೇಲೆ ಇನ್ನೊಂದು. ಕೆಲಸಗಾರರು ಅದೂ ಇದೂ ಕೇಳಿದರು, ಅವನೂ ಅವರನ್ನು ಕೇಳಿದ. ಮಧ್ಯಾಹ್ನ ಅವರ ಜೊತೆ ನೆಲದ ಮೇಲೆ ಕೂತು ಊಟ ಮಾಡಿದ. ಯಾರೋ ಹೇಳಿದ ಪೋಲಿ ಜೋಕಿಗೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಕೈಗೆಲ್ಲ ಗ್ರೀಸು, ಬೆರಳಿಗೆ ತಗಡು ತಾಗಿ ಸಣ್ಣ ಗಾಯ. ಸಂಜೆ ಷಟರು ಇಳಿಸುವಾಗ ಬಾಮೈದನೊಬ್ಬನೇ ಇದ್ದ. ಆ ಇಡೀ ದಿನದ ಧೈರ್ಯವನ್ನೆಲ್ಲ ಒಟ್ಟು ಮಾಡಿ ಬಾಗಿಲಣ್ಣ ಕೇಳಿಯೇಬಿಟ್ಟ.

‘ಕಾರೂ ಬೇಡ, ಸಾಲಾನೂ ಬೇಡ. ನಾನು ಇಲ್ಲೇ ಇದ್ದುಬಿಡ್ಲೇನೋ? ನಿಂಗೆ ಎಷ್ಟಾಗುತ್ತೋ ಅಷ್ಟು ಕೊಡು.’

ಬಾಮೈದ ಬೀಗ ಹಾಕುತ್ತಿದ್ದವನು ಹಾಗೆಯೇ ಕೂತ. ತಿರುಗಿ ನೋಡಲಿಲ್ಲ.

‘ಈಗಿರೋ ಮೂವರಿಗೇ ಸರಿಯಾಗಿ ಕೊಡೋಕಾಗ್ತಿಲ್ಲ ಭಾವ. ಅವರಲ್ಲಿ ಯಾರನ್ನ ಕಳಿಸ್ಲಿ ಹೇಳಿ?’

‘ಇಲ್ಲ ಇಲ್ಲ. ಸುಮ್ನೆ ಕೇಳ್ದೆ’ ಎಂದ ಬಾಗಿಲಣ್ಣ. ನೀಲಿ ಅಂಗಿ ಬಿಚ್ಚಿ ಮಡಚಿ ಅವನ ಕೈಗೆ ಕೊಟ್ಟ. ಕೆಲಸ ಹೋದ ಮೇಲೆ ತಾನು ಹೊಟ್ಟೆ ತುಂಬ ಉಂಡ ದಿನ ಅದೊಂದೇ ಎಂದು ಬಹಳ ದಿನಗಳ ಮೇಲೆ ನನ್ನ ಹತ್ತಿರ ಹೇಳಿದ. ಮನೆಯಲ್ಲಿ ಅನ್ನಕ್ಕೆ ಕೊರತೆಯಿತ್ತೆಂದಲ್ಲ. ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಸಾಲ ಸಿಕ್ಕಿತು. ಬಡ್ಡಿ ಬ್ಯಾಂಕಿನದಕ್ಕಿಂತ ಎಷ್ಟೋ ಮೇಲೆ. ಕಾರು ಬೂದು ಬಣ್ಣದ್ದು, ಒಬ್ಬರೋ ಇಬ್ಬರೋ ಓಡಿಸಿ ಬಿಟ್ಟದ್ದು. ಒಳಗೆ ಹೊಗೆಸೊಪ್ಪಿನ ವಾಸನೆ. ಹೆಂಡತಿ ಅಡುಗೆ ಸೋಡಾ ಉದುರಿಸಿ, ಸೋಪು ಹಾಕಿ ಉಜ್ಜಿ, ಆದರೂ ಹೋಗದಿದ್ದಾಗ ಪರದೆಯಲ್ಲಿ ಉಳಿದ ಬಟ್ಟೆಯಿಂದ ಸೀಟುಗಳಿಗೆ ಹೊದಿಕೆ ಹೊಲಿದಳು. ಹಸಿರು ಎಲೆಯ ಚಿತ್ತಾರ. ‘ಅಪ್ಪ, ಪರದೆ ಸೀಟಿನ ಮೇಲಿದೆ, ಅಂದ್ರೆ ನಮ್ಮ ಕಾರಿಗೆ ಕಿಟಕಿ ಒಳಗಡೆ ಇದೆ’ ಎಂದಳು ಮಗಳು.

ಮ್ಯಾನೇಜರು ಮಾತು ಉಳಿಸಿಕೊಂಡಳು. ಅದೇ ದಿನ ಸೇರಿಸಿಕೊಂಡಳು. ಸಂಬಳ ಅಂತಿಲ್ಲ, ಹೋದ ಮನೆಯ ಲೆಕ್ಕ. ಬೇಸಿಗೆ ಶುರುವಾಗಿತ್ತು, ಊರಿನ ಫ್ರಿಜ್ಜುಗಳೆಲ್ಲ ಒಟ್ಟಿಗೇ ಕೈಕೊಡುವ ಕಾಲ. ಬಾಗಿಲಣ್ಣ ಬೆಳಕು ಹರಿಯುವಾಗ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ಬೀದಿಯಲ್ಲಿ ನನ್ನನ್ನು ಕಂಡರೆ ಹಾರ್ನ್ ಹೊಡೆಯುತ್ತಿದ್ದ. ಹಿಂದಿನ ಸೀಟಿನಲ್ಲಿ ಸಿಲಿಂಡರು ಉರುಳದಂತೆ ಹಳೆ ದಿಂಬುಗಳ ನಡುವೆ ಮಗುವಿನ ಹಾಗೆ ಮಲಗಿಸಿರುತ್ತಿದ್ದ. ಮೊದಲ ಕಂತುಗಳು ಸಲೀಸಾಗಿ ಹೋದವು. ಬಾಮೈದ ಮತ್ತೆ ಅಕ್ಕನ ಮನೆಗೆ ಬರತೊಡಗಿದ. ಬಂದವನು ಕಾರಿನ ಬಾನೆಟ್ಟು ಎತ್ತಿ, ಒಳಗೆ ತಲೆ ಹಾಕಿ, ಭಾವನ ಜೊತೆ ಗಂಟೆಗಟ್ಟಲೆ ಹರಟುತ್ತಿದ್ದ. ಹೊಸದೊಂದು ತಗಡು ಬಗ್ಗಿಸುವ ಯಂತ್ರ ಕೊಳ್ಳುವ ಆಸೆ ಇದೆ, ಅದು ಬಂದರೆ ನಿಜಕ್ಕೂ ಒಬ್ಬ ಸೂಪರ್‌ವೈಸರ್ ಬೇಕಾಗುತ್ತದೆ ಎಂದಿದ್ದ. ಅಡುಗೆಮನೆಯಿಂದ ಇದನ್ನು ಕೇಳಿಸಿಕೊಂಡ ಅಕ್ಕ ಆ ದಿನ ಅವನಿಗೆ ಎರಡು ಸಲ ಬಡಿಸಿದಳು.

ಮಳೆ ಬಂತು. ಕರೆಗಳು ಕಡಿಮೆಯಾದವು. ಅದು ಎಲ್ಲ ವರ್ಷವೂ ಆಗುವುದೇ ಎಂದು ಮ್ಯಾನೇಜರು ಸಮಾಧಾನ ಹೇಳಿದಳು. ಆಮೇಲೆ ಆದ ಕೆಲಸದ ದುಡ್ಡೂ ನಿಂತಿತು. ಮುಂದಿನ ವಾರ, ಅದರ ಮುಂದಿನ ವಾರ ಎನ್ನುತ್ತಾ ಹೋದರು. ಬಾಗಿಲಣ್ಣ ಸ್ವಂತ ದುಡ್ಡಿನಲ್ಲಿ ಪೆಟ್ರೋಲು ಹಾಕಿಸಿ ಹೋದ. ಹೋಗದಿದ್ದರೆ ಹೆಸರು ತೆಗೆದುಹಾಕುತ್ತಾರೆಂಬ ಭಯ. ಒಂದು ದಿನ ಅವನ ಫೋನಿಗೆ ಸಂದೇಶ ಬಂತು: ಈ ಭಾಗದ ಸೇವೆ ನಿಲ್ಲಿಸಲಾಗಿದೆ, ಇಷ್ಟು ದಿನದ ಸಹಕಾರಕ್ಕೆ ಧನ್ಯವಾದ. ಅವನು ಮ್ಯಾನೇಜರಿಗೆ ಫೋನು ಹಚ್ಚಿದ.

‘ನಂಗೂ ಅದೇ ಮೆಸೇಜು ಬಂತು ಅಣ್ಣ’ ಎಂದಳು ಅವಳು. ಅಷ್ಟು ದಿನ ಹೆಸರು ಹಿಡಿದು ಕರೆಯುತ್ತಿದ್ದವಳು ಆ ದಿನ ಮೊದಲ ಸಲ ಅಣ್ಣ ಎಂದಳು.

ಮತ್ತೆ ಕೆಲಸವಿಲ್ಲದವನಾದ. ಮೊದಲಿನ ಸಲ ಕೆಲಸವಷ್ಟೇ ಇರಲಿಲ್ಲ. ಈಗ ಕೆಲಸವಿಲ್ಲ, ಸಾಲವಿದೆ. ಗೊತ್ತಿದ್ದ ಮನೆಗಳಿಗೆ ತಾನೇ ಹೋಗಿ ರಿಪೇರಿ ಮಾಡುತ್ತೇನೆಂದ. ಕೆಟ್ಟರೆ ಫ್ರಿಜ್ಜು ಮಾಡಿದ ಕಂಪನಿಯವರನ್ನೇ ಕರೆಸುತ್ತೇವೆ ಎಂದರು ಜನ. ಬೀದಿಯವರನ್ನು ಆಸ್ಪತ್ರೆಗೆ, ಸ್ಟೇಷನ್ನಿಗೆ ಬಿಟ್ಟುಬರುತ್ತಿದ್ದ. ನನ್ನ ತಾಯಿಯ ಕಣ್ಣಿನ ಆಪರೇಷನ್ನಿಗೂ ಅವನೇ ಕರೆದುಕೊಂಡು ಹೋದ. ಗುಂಡಿ ಕಂಡಲ್ಲೆಲ್ಲ ನಿಧಾನ ಮಾಡಿ, ‘ಅಮ್ಮ, ಸ್ವಲ್ಪ ಗಟ್ಟಿಯಾಗಿ ಹಿಡ್ಕೊಳಿ’ ಎನ್ನುತ್ತಿದ್ದ. ಇಳಿಯುವಾಗ ನಾನು ದುಡ್ಡು ಕೊಡಲು ಹೋದರೆ ಬೇಡ ಬೇಡ ಎಂದು ಕೈ ಹಿಂದಕ್ಕೆ ಎಳೆದುಕೊಂಡ. ಇನ್ನೊಮ್ಮೆ ಒತ್ತಾಯ ಮಾಡಿದೆ. ಆಗ ಬೇರೆ ಕಡೆ ನೋಡುತ್ತಾ, ಎಷ್ಟೆಂದು ಎಣಿಸದೆ ಕಿಸೆಗೆ ಹಾಕಿಕೊಂಡ. ಅದಾದ ಮೇಲೆ ಎದುರಿಗೆ ಸಿಕ್ಕರೆ ಅವನಿಗೂ ನನಗೂ ಮೊದಲಿನ ಹಾಗೆ ಮಾತು ಹರಿಯಲಿಲ್ಲ.

ಕಂತು ತಪ್ಪಿದ ಮೇಲೆ ಫೈನಾನ್ಸಿನವರ ಫೋನು ಶುರುವಾಯಿತು. ಮೊದಲು ಅವನಿಗೆ. ಅವನು ಎತ್ತದಿದ್ದಾಗ ಬಾಮೈದನ ವರ್ಕ್‌ಶಾಪಿಗೆ. ‘ನಿಮ್ಮ ಸೂಪರ್‌ವೈಸರ್ ಕಂತು ಕಟ್ಟಿಲ್ಲ, ಸಂಬಳದಲ್ಲಿ ಹಿಡಿದು ಕಳಿಸಿ’ ಎಂದರು. ಬಾಮೈದ ಏನೋ ನೆಪ ಹೇಳಿದ. ಇನ್ನೊಂದು ಸಲ ಫೋನು ಬಂದಾಗ ಇನ್ನೊಂದು ನೆಪ. ನೆಪಗಳು ಮುಗಿದ ಮೇಲೆ ಭಾವನಿಗೆ ಹೇಳದೆ, ತನ್ನ ಹೆಂಡತಿಗೂ ಹೇಳದೆ, ಕೆಲವು ಕಂತು ತಾನೇ ಕಟ್ಟಿದ. ಆ ತಿಂಗಳುಗಳಲ್ಲಿ ಫೋನು ಬರದಿದ್ದುದನ್ನು ಕಂಡು ಬಾಗಿಲಣ್ಣನಿಗೆ, ಅವರೇ ಬೇಸತ್ತು ಬಿಟ್ಟಿರಬೇಕು ಎನ್ನಿಸಿತ್ತು. ಹಾಗೆ ಯಾರೂ ಬಿಡುವುದಿಲ್ಲ ಎಂದು ಅವನಿಗೆ ತಿಳಿಯದ್ದೇನಲ್ಲ. ತಿಳಿಯಲು ಮನಸ್ಸಿರಲಿಲ್ಲ.

ಎಲ್ಲ ಹೊರಬಿದ್ದದ್ದು ಬಾಮೈದ ಯಂತ್ರಕ್ಕೆ ಸಾಲ ಕೇಳಲು ಬ್ಯಾಂಕಿಗೆ ಹೋದಾಗ. ಅವನ ಖಾತೆ ತೆಗೆದು ನೋಡಿದರು. ಯಾವುದೋ ಕಾರಿನ ಕಂತು ನೀವೇಕೆ ಕಟ್ಟಿದ್ದೀರಿ ಎಂದು ಕೇಳಿದರು. ನೌಕರನದು ಎಂದ. ಫೈನಾನ್ಸಿನವರಿಂದ ಅವನ ಪತ್ರ ತರಿಸಿ ನೋಡಿ, ಆ ನೌಕರನಿಗೆ ಎರಡು ವರ್ಷ ಸಂಬಳ ಕೊಟ್ಟ ಗುರುತು ಖಾತೆಯಲ್ಲಿ ಎಲ್ಲೂ ಇಲ್ಲವಲ್ಲ ಎಂದರು. ಅವನ ಪಕ್ಕದಲ್ಲಿ ಹೆಂಡತಿಯೂ ಕೂತಿದ್ದಳು. ಯಂತ್ರದ ಸಾಲಕ್ಕೆ ಅವಳ ರುಜುವೂ ಬೇಕಿತ್ತು.

ಆ ಭಾನುವಾರ ಬಾಮೈದ ಅಕ್ಕನ ಮನೆಗೆ ಬಂದ. ಬಾಗಿಲು ತೆರೆದೇ ಇತ್ತು, ಆದರೂ ಹೊರಗೆ ನಿಂತು ತಟ್ಟಿದ. ಅಕ್ಕ, ‘ಇದೇನೋ ಹೊಸದು’ ಎನ್ನುತ್ತಾ ಬಂದವಳು ಅವನ ಮುಖ ನೋಡಿ ಪಕ್ಕಕ್ಕೆ ಸರಿದಳು. ಅವನು ಕೂರಲಿಲ್ಲ.

‘ಮಿಷನ್ ಸಾಲ ಆಗಲಿಲ್ಲ ಭಾವ. ಇನ್ಮೇಲೂ ಆಗಲ್ಲ ಅಂದ್ರು. ಸುಳ್ಳು ಪತ್ರ ಕೊಡೋ ಗಿರಾಕಿ ಅಂತ ನನ್ನ ಹೆಸರು ಅವರ ಪಟ್ಟಿಗೆ ಸೇರ್ಕೊಂಡಿದೆ.’

ಬಾಗಿಲಣ್ಣ ಎದ್ದು ನಿಂತ. ‘ನೀನು ಕಂತು ಕಟ್ಟಿದ್ದು ನಂಗೆ ಗೊತ್ತಿರಲಿಲ್ಲ ಕಣೋ.’

‘ಗೊತ್ತಾಗ್ಲಿ ಅಂತ ಕಟ್ಟಲಿಲ್ಲ.’

‘ನಾನು ಹೇಗಾದ್ರೂ ಮಾಡಿ…’

‘ಏನು ಮಾಡ್ತೀರಿ ಭಾವ?’ ಬಾಮೈದನ ದನಿ ಏರಲಿಲ್ಲ. ‘ಅವತ್ತು ಷಟರ್ ಹತ್ರ ನೀವು ಕೆಲಸ ಕೇಳಿದ್ರಿ. ಕೊಡೋಕಾಗ್ಲಿಲ್ಲ. ಪತ್ರ ಕೊಟ್ಟಿದ್ದೀನಲ್ಲ ಅಂತ ಸಮಾಧಾನ ಮಾಡ್ಕೊಂಡೆ. ಆ ಪತ್ರ ನನ್ನ ಮನೆ ಒಡೀತು. ನನ್ನ ಹೆಂಡ್ತಿ ತವರಿಗೆ ಹೋಗಿದಾಳೆ. ಯಾವಾಗ ಬರ್ತೀಯಾ ಅಂದ್ರೆ ನಿನ್ನ ಅಕ್ಕನ್ನೇ ಕೇಳು ಅಂತಾಳೆ.’

ಅಕ್ಕ ಅವನ ತೋಳು ಹಿಡಿದಳು. ‘ಬಾ, ಒಂದಿಷ್ಟು ಊಟ ಮಾಡು. ಆಮೇಲೆ ಮಾತಾಡೋಣ.’

‘ಇಲ್ಲಿ ಉಂಡು ಬಂದೆ ಅಂತ ಗೊತ್ತಾದ್ರೆ ಅದಕ್ಕೊಂದು ಮಾತು ಬರುತ್ತೆ ಅಕ್ಕ. ಬಿಡು.’

ತೋಳು ಬಿಡಿಸಿಕೊಂಡು ಹೋದ. ಮೆಟ್ಟಿಲ ಬಳಿ ನಿಂತಿದ್ದ ನನ್ನನ್ನು ದಾಟಿಕೊಂಡೇ ಹೋದ. ಅಕ್ಕ ತಮ್ಮನನ್ನು ಕೂಗಲೂ ಇಲ್ಲ, ಹಿಂದೆ ಓಡಲೂ ಇಲ್ಲ. ಅವನು ಬಂದು ಹೋದ ಬಾಗಿಲಲ್ಲೇ ಬಹಳ ಹೊತ್ತು ನಿಂತಿದ್ದಳು. ಒಳಗೆ ಬಂದವಳು ಗಂಡನಿಗೆ ಒಂದು ಮಾತೂ ಅನ್ನಲಿಲ್ಲ. ಅಂದುಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಬಾಗಿಲಣ್ಣ ಆಮೇಲೆ ಹೇಳುತ್ತಿದ್ದ.

ಕೆಲವು ದಿನ ಕಳೆದ ಮೇಲೆ ಹೊಲಿಗೆಯ ನಡುವೆ ತಲೆಯೆತ್ತದೆ ಹೇಳಿದಳು: ‘ಕಾರು ಕೊಟ್ಬಿಡೋಣ ರೀ. ಅವರು ಬಂದು ಬೀದೀಲಿ ಎಳ್ಕೊಂಡು ಹೋಗೋದು ಬೇಡ.’

ಇಬ್ಬರೂ ಒಟ್ಟಿಗೆ ಹೋದರು. ಬಾಗಿಲಣ್ಣ ಒಬ್ಬನೇ ಹೋಗುತ್ತೇನೆಂದಿದ್ದ. ಅವಳು ಚಪ್ಪಲಿ ಮೆಟ್ಟಿ ಮುಂದಿನ ಸೀಟಿನಲ್ಲಿ ಕೂತಿದ್ದಳು. ಫೈನಾನ್ಸಿನವರ ಅಂಗಳ ಊರಾಚೆ. ಕಾರು ಬಂದಾಗಿನಿಂದ ಅವಳು ಅದರಲ್ಲಿ ಹೋದದ್ದು ಮಾರ್ಕೆಟ್ಟಿಗೆ, ಆಸ್ಪತ್ರೆಗೆ. ಇಷ್ಟು ದೂರ ಹೋದದ್ದು ಅದೇ ಮೊದಲು. ದಾರಿಯಲ್ಲಿ ಕೆರೆಯೊಂದು ಬಂತು. ‘ಇಲ್ಲೊಂದು ಕೆರೆ ಇದೆ ಅಂತಾನೇ ಗೊತ್ತಿರಲಿಲ್ಲ’ ಎಂದಳು. ‘ನಿಲ್ಲಿಸ್ಲಾ?’ ಎಂದ ಅವನು. ‘ಬೇಡ, ಅವರ ಆಫೀಸು ಮುಚ್ಚಿಬಿಡುತ್ತೆ’ ಎಂದಳು.

ಅಂಗಳದ ತುಂಬ ಬೇರೆಯವರಿಂದ ಬಂದ ಕಾರುಗಳು ಧೂಳು ಹೊದ್ದು ನಿಂತಿದ್ದವು. ಒಂದರ ಹಿಂದಿನ ಗಾಜಿನೊಳಗೆ ಮಕ್ಕಳ ಗೊಂಬೆ ಇನ್ನೂ ಇತ್ತು. ಗುಮಾಸ್ತ ಬಂದು ಸ್ಟೆಪ್ನಿ ಇದೆಯಾ, ಜಾಕ್ ಇದೆಯಾ ಎಂದು ನೋಡಿ ಕೀ ತೆಗೆದುಕೊಂಡ. ಬಾಗಿಲಣ್ಣ ರುಜು ಹಾಕುವಷ್ಟರಲ್ಲಿ ಹೆಂಡತಿ ಹಸಿರು ಎಲೆಯ ಹೊದಿಕೆಗಳ ದಾರ ಬಿಚ್ಚಿ, ಒಂದೊಂದಾಗಿ ಕಳಚಿ, ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. ‘ಅದನ್ನ ಬಿಟ್ರೆ ಒಳ್ಳೇ ರೇಟು ಬರುತ್ತೆ ಅಮ್ಮ’ ಎಂದ ಗುಮಾಸ್ತ. ಅವಳು ಗೇಟಿನ ಕಡೆ ನಡೆದಳು. ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಮನೆಯ ತನಕ ಇಬ್ಬರೂ ನಿಂತೇ ಬಂದರು.

ಕಾರು ಹೋದರೆ ಸಾಲವೂ ಹೋಗುತ್ತದೆ ಎಂದುಕೊಂಡಿದ್ದರು. ಹರಾಜಿನಲ್ಲಿ ಅದು ಕವಡೆ ಕಾಸಿಗೆ ಹೋಯಿತು. ಉಳಿದದ್ದನ್ನು ಕಟ್ಟಿ ಎಂದು ಮತ್ತೆ ಫೋನು ಬರತೊಡಗಿತು. ಈಗ ಇಲ್ಲದ ಕಾರಿಗೆ ಕಂತು. ಬಾಗಿಲಣ್ಣ ತರಕಾರಿ ಮಂಡಿಯಲ್ಲಿ ಮೂಟೆ ಇಳಿಸಲು ಹೋದ. ಆ ವಯಸ್ಸಿನ ಬೆನ್ನು ಅದಕ್ಕೆ ಒಗ್ಗಲಿಲ್ಲ. ವಾರದೊಳಗೆ ಗೋಡೆ ಹಿಡಿದು ನಡೆಯುವಂತಾಗಿ ಮನೆಯಲ್ಲಿ ಉಳಿದ.

ಅವನು ಹಾಗೆ ಮಲಗಿದ್ದಾಗಲೇ ಮಗಳು ಒಂದು ಬೆಳಿಗ್ಗೆ ಕೆಂಪು ಅಂಗಿ ತೊಟ್ಟು ಹೊರಟಳು. ಎದೆಯ ಮೇಲೆ ಪೇಟೆಯ ದೊಡ್ಡ ಅಂಗಡಿಯ ಹೆಸರು. ಬಿಲ್ಲು ಹಾಕುವ ಕೌಂಟರಿನ ಕೆಲಸ. ಕೊನೆಯ ವರ್ಷದ ಪರೀಕ್ಷೆಗೆ ಇನ್ನು ಕೆಲವೇ ತಿಂಗಳು ಉಳಿದಿತ್ತು.

‘ಕಾಲೇಜು?’ ಎಂದ ಬಾಗಿಲಣ್ಣ, ಹಾಸಿಗೆಯಿಂದಲೇ.

‘ಮುಂದಿನ ವರ್ಷ ನೋಡೋಣ ಅಪ್ಪ. ಎಲ್ಲಿಗೂ ಓಡಿಹೋಗಲ್ಲ ಅದು.’

‘ನಿಮ್ಮಮ್ಮಂಗೆ ಗೊತ್ತಾ?’

‘ಅಂಗಿ ಗಿಡ್ಡ ಮಾಡಿಕೊಟ್ಟಿದ್ದು ಅಮ್ಮಾನೇ.’

ಅವನು ಗೋಡೆಯ ಕಡೆ ತಿರುಗಿದ. ಅವಳಿಗೆ ತಡವಾಗುತ್ತಿತ್ತು, ಹೋದಳು.

ಮುಂದಿನ ವರ್ಷ ಬಂದು ಹೋಗಿದೆ. ಅವಳು ಅದೇ ಕೌಂಟರಿನಲ್ಲಿ ಇದ್ದಾಳೆ. ಬಾಮೈದನ ಹೆಂಡತಿ ಮನೆಗೆ ಮರಳಿದ್ದಾಳೆಂದು ಯಾರೋ ಹೇಳಿದರು. ಅವನು ಮೂವರಲ್ಲಿ ಒಬ್ಬ ಕೆಲಸಗಾರನನ್ನು ಕಳಿಸಿದ್ದಾನಂತೆ. ಅಕ್ಕ ಫೋನು ಮಾಡಿದರೆ ಎತ್ತುತ್ತಾನೆ, ಚೆನ್ನಾಗಿದ್ದೀಯಾ ಎಂದು ಕೇಳುತ್ತಾನೆ, ಕೆಲಸವಿದೆ ಎಂದು ಇಡುತ್ತಾನೆ. ಬಾಗಿಲಣ್ಣನ ಬೆನ್ನು ಸ್ವಲ್ಪ ಸುಧಾರಿಸಿದೆ. ಯಾರಾದರೂ ಕರೆದರೆ ಫ್ರಿಜ್ಜು ನೋಡಿಬರುತ್ತಾನೆ, ನಡೆದು ಹೋಗುವಷ್ಟು ದೂರವಿದ್ದರೆ. ಸಿಲಿಂಡರು ಹೊರಲಾಗದು, ಹಾಗಾಗಿ ಸಣ್ಣಪುಟ್ಟದ್ದಷ್ಟೇ.

ಬೆಳಿಗ್ಗೆ ಅವನಿಗೊಂದು ಕೆಲಸವಿದೆ. ನೀರು ತರಲು ಇಳಿದಾಗ ಅವರ ಕಿಟಕಿಯಲ್ಲಿ ನನಗೆ ಕಾಣುತ್ತದೆ. ಮಗಳು ಏಳುವ ಮೊದಲು ಎದ್ದು, ಮೇಜಿನ ಮೇಲೆ ಕಂಬಳಿ ಹಾಸಿ, ಆ ಕೆಂಪು ಅಂಗಿಗೆ ಇಸ್ತ್ರಿ ಹಾಕುತ್ತಾನೆ. ಮೊದಲು ಕಾಲರು, ಆಮೇಲೆ ತೋಳು. ಎದೆಯ ಮೇಲಿನ ಅಕ್ಷರಗಳ ಹತ್ತಿರ ಬಂದಾಗ ಇಸ್ತ್ರಿಪೆಟ್ಟಿಗೆಯನ್ನು ಎತ್ತಿಕೊಂಡು ದಾಟಿಸುತ್ತಾನೆ. ಸುಟ್ಟರೆ ಹೊಸ ಅಂಗಿಯ ದುಡ್ಡು ಅವಳ ಸಂಬಳದಲ್ಲೇ ಹಿಡಿಯುತ್ತಾರಂತೆ.